ತುಟಿಯ ಹತ್ತಿರ ನಿಂತ ಕೈ

ಬೆಳೆಗೆ ಔಷಧಿ ಹೊಡೆಯುವ ಪಂಪಿನ ನಾಝಲ್ ಕಟ್ಟಿಕೊಂಡಿತು. ಅಣ್ಣ ಬಸಪ್ಪ ಅದನ್ನು ಬಿಚ್ಚಿ ಬಾಯಿಯತ್ತ ಒಯ್ದ. ಇನ್ನೊಂದು ಕೈ ಮಾಸ್ಕ್ ಕೆಳಗೆಳೆಯಲು ಮೇಲೆದ್ದಿತು. ಊದಿದರೆ ಫೇಲ್ ಎಂಬುದು ಬದುವಿನ ಮೇಲೆ ನಿಂತಿದ್ದ ನನಗೂ ಗೊತ್ತಿತ್ತು.

ಬಾಡಿಗೆಗೆ ಔಷಧಿ ಹೊಡೆಯುವವರಿಗೆ ಲೈಸೆನ್ಸ್ ಕೊಡುವ ಮುನ್ನ ಇಂಡಿ ಸಮೀಪದ ನಿಂಬೆ ತೋಟದಲ್ಲಿ ನಡೆದ ಪರೀಕ್ಷೆ ಅದು. ಪಂಪಿನಲ್ಲಿದ್ದದ್ದು ಬರೀ ನೀರು. ನಾಝಲಿಗೆ ಮಣ್ಣು ತುರುಕಿದ್ದು ಪರೀಕ್ಷಕಿಯೇ. ನಾಝಲ್ ಕಟ್ಟಿದರೆ ಬಾಯಿಟ್ಟು ಊದುವುದು ನಮ್ಮ ಕಡೆಯ ರೂಢಿ. ಹಾಗೆ ಊದಿ ಊದಿ ಅಣ್ಣ ಎಷ್ಟೋ ಸಂಜೆ ವಾಂತಿ ಮಾಡಿಕೊಂಡು, ಉಣ್ಣದೆ ಮಲಗಿದ್ದಾನೆ. ಲೈಸೆನ್ಸ್ ಇಲ್ಲದವರನ್ನು ದ್ರಾಕ್ಷಿ ತೋಟದವರು ಈಗ ಕೆಲಸಕ್ಕೆ ಕರೆಯುವುದೂ ಇಲ್ಲ.

ಎರಡೂ ಕೈ ಗಾಳಿಯಲ್ಲೇ ನಿಂತವು. ಆಮೇಲೆ ಒಂದು ಕೈ ನಿಧಾನವಾಗಿ ಜೇಬಿಗಿಳಿದು, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಹೊರತೆಗೆಯಿತು. ಅಣ್ಣ ನಾಝಲನ್ನು ನೀರಿನಲ್ಲಿ ತಿಕ್ಕಿ ತೊಳೆದ.

"ಬಸಪ್ಪಾರ, ಕೈ ಬಾಯಿತನಕಾ ಯಾಕ ಹೋಗಿತ್ರಿ?" ಪರೀಕ್ಷಕಿ ಕೇಳಿದರು.

"ಹಳೇ ಚಟಾರೀ ಮೇಡಂ. ಹೋತು, ನೆನಪಾತು, ಹೊಳ್ಳಿ ಬಂತು."

ಅವರು ನಕ್ಕರು. "ಹೊಳ್ಳಿ ಬಂತಲ್ಲ, ಅಷ್ಟ ಸಾಕು. ಪಾಸಾದ್ರಿ."

ಅಣ್ಣ ಈಗ ದ್ರಾಕ್ಷಿ ತೋಟಗಳಿಗೆ ಹೋಗುತ್ತಾನೆ. ಸಂಜೆ ಬಂದು ಸ್ನಾನ ಮಾಡಿ, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು ಉಣ್ಣುತ್ತಾನೆ. ಅವನ ಹೆಂಡತಿ, ನಮ್ಮ ವೈನಿ, ಹಾಸಿಗೆಯ ಪಕ್ಕ ವಾಂತಿಗೆಂದು ಇಡುತ್ತಿದ್ದ ಬೋಗುಣಿಯಲ್ಲಿ ಈಗ ಎಮ್ಮೆಯ ಕರು ನೀರು ಕುಡಿಯುತ್ತದೆ.