ಶಾಹೀನಳ ಆಂಟೆನಾ

ಶಾಹೀನ್, ನಿನ್ನ ಆಂಟೆನಾ ಕೆಡಿಸಿದವಳು ನಾನು.

ಬೀದರಿನ ಕಾಲೇಜಿನಲ್ಲಿ ಒಬ್ಬರೇ ಗುರುಗಳ ಕೈಕೆಳಗೆ ಸಂಶೋಧನೆಗೆ ಸೇರಿದ್ದೆವು. ಭಾತಂಬ್ರಾದಿಂದ ಬಸ್ಸು ಹಿಡಿದು ಬರುತ್ತಿದ್ದ ನನಗೆ ನಿನ್ನ ಡಬ್ಬಿಯಲ್ಲಿ ಪಾಲು ಇದ್ದೇ ಇರುತ್ತಿತ್ತು. ನೀನು ಮಾಡಿದ್ದು ಪುಸ್ತಕದಂತೆ ಚಪ್ಪಟೆಯಾದ ಆಂಟೆನಾ. ಅದರ ಮುಂದೆ ತಾಮ್ರದ ಪುಟ್ಟ ಉಂಗುರಗಳನ್ನು ಸಾಲಾಗಿ ಮೂಡಿಸಿದ ಒಂದು ಹಾಳೆ — ಮೆಟಾಮೆಟೀರಿಯಲ್. ತಾಮ್ರಕ್ಕಿಲ್ಲದ ಗುಣ ಆ ಜೋಡಣೆಯಿಂದ ಹುಟ್ಟುತ್ತದೆ, ಚದುರಿ ಹೋಗುವ ಅಲೆಗಳು ಒಂದೇ ದಿಕ್ಕಿಗೆ ಕೂಡಿ ಹೋಗುತ್ತವೆ ಎಂದು ನೀನು ಲೆಕ್ಕ ಹಾಕಿದ್ದೆ. ಇಬ್ಬರೇ ಅಳೆದು ನೋಡಿದೆವು. ಸಿಗ್ನಲ್ ಏರಿತು. ನೀನು ನನ್ನ ಕೈ ಹಿಡಿದು ನಕ್ಕೆ. ನಾನೂ ನಕ್ಕೆ — ಒಳಗೆ ಮಾತ್ರ ಹೊಟ್ಟೆಕಿಚ್ಚು.

ಮರುದಿನ ಗುರುಗಳ ಎದುರು ಪರೀಕ್ಷೆ. ಜೋಡಿಸುವುದನ್ನು ನೀನು ನನಗೇ ಬಿಟ್ಟಿದ್ದೆ. ಆಂಟೆನಾಗೂ ಹಾಳೆಗೂ ನಡುವಿನ ಅಂತರವೇ ಅದರ ಜೀವ. ಆ ಅಂತರ ಕಾಯಲು ನಡುವೆ ಇಡುವ ತೆಳು ಬಿಲ್ಲೆಗಳಲ್ಲಿ, ವಾಷರುಗಳಲ್ಲಿ, ಕೆಲವನ್ನು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ನೀನು ಬರೆದುಕೊಟ್ಟಿದ್ದ ಅಂಕಿಗಿಂತ ಸಿಗ್ನಲ್ ಎಷ್ಟೋ ಕೆಳಗೆ ಕುಸಿಯಿತು.

"ಅಂಕಿ ಮನ್ಯಾಗ ಕುಂತು ಹುಟ್ಟಿಸ್ತೀರೇನ್ರಿ?" ಎಂದರು ಗುರುಗಳು.

ನೀನು ನನ್ನ ಕಡೆ ತಿರುಗಿದೆ. "ನಿನ್ನಿ ಬಂದಿತ್ತಲ್ಲ, ಮಹಾನಂದಾ? ನೀನೂ ನೋಡೀದಿ. ಸರ್‌ಗ ಹೇಳು."

"ನಾ ಏನೂ ನೋಡಿಲ್ರಿ ಸರ್."

ಜೋಡಣೆಯನ್ನು ಮತ್ತೆ ನೋಡಬೇಕೆಂದು ನಿನಗೆ ಹೊಳೆಯಲೇ ಇಲ್ಲ — ಜೋಡಿಸಿದವಳು ನಾನಲ್ಲವೇ. ಅಂದು ಸಂಜೆ ನೌಬಾದದ ಬಸ್‌ಸ್ಟಾಪಿನಲ್ಲಿ ನಿನ್ನ ಕಣ್ಣೊರೆಸಿ, ಇದು ನಿನ್ನಿಂದ ಆಗುವ ಕೆಲಸವಲ್ಲ ಎಂದೂ ಹೇಳಿದೆ. ನೀನು ನಂಬಿದೆ. ಸಂಶೋಧನೆ ಬಿಟ್ಟೆ. ನಾನು ಉಂಗುರದ ಆಕಾರ ಚೂರು ಬದಲಿಸಿ ಅದೇ ಹಾಳೆಯನ್ನು ನನ್ನದೆಂದು ತೋರಿಸಿದೆ; ಡಾಕ್ಟರೇಟ್ ಬಂತು, ನೌಕರಿ ಬಂತು. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ನೀನು ಗೆಲ್ಲುವುದನ್ನು ನೋಡಲಾಗಲಿಲ್ಲ — ಅಷ್ಟೇ.

ಇಷ್ಟು ವರ್ಷಗಳಾದ ಮೇಲೆ, ಇದಕ್ಕಿಂತ ಕೆಟ್ಟದ್ದನ್ನು ಹೋದ ತಿಂಗಳು ಮಾಡಿದೆ. ಔರಾದಿನಲ್ಲಿ, ನಿನ್ನದೇ ಮನೆಯಲ್ಲಿ, ನೀನು ಕೊಟ್ಟ ಚಹಾ ಕುಡಿಯುತ್ತ. ನಿನ್ನ ಮಗಳು ಇಂಜಿನಿಯರಿಂಗ್ ಓದುತ್ತೇನೆ ಎಂದಳು.

"ನಮ್ಮ ಖಾಂದಾನ್‌ದಾಗ ಆ ತಲಿ ಇಲ್ಲವ್ವ. ನಾನೇ ಸೋತು ಬಂದೀನಿ. ಬೇಕಾದ್ರ ಈ ಆಂಟೀಗ ಕೇಳು," ಎಂದೆ ನೀನು.

ಅವಳು ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ನಿನ್ನ ಲೆಕ್ಕ ಸರಿಯಿತ್ತು, ಶಾಹೀನ್. ಗುರುಗಳಿಗೂ ಕಾಲೇಜಿಗೂ ನಾನೇ ಹೋಗಿ ಹೇಳುತ್ತೇನೆ. ನಿನ್ನ ಮಗಳಿಗೆ ಮಾತ್ರ ನೀನೇ ಹೇಳಬೇಕು — ನನ್ನ ಮಾತನ್ನು ಅವಳು ಇನ್ನು ಯಾಕೆ ನಂಬಬೇಕು.