ಮುಟ್ಟಬೇಡಿ

ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳನ್ನು ಕಂಡರೆ ಒಳಗೆ ದೇವರೋ ಊಟವೋ ಇರಬೇಕೆಂದು ನೀವು ಊಹಿಸುತ್ತೀರಿ. ಎಂಬತ್ತರ ದಶಕದ ಕೊನೆಯಲ್ಲಿ, ನಾನು ಪಾಠ ಹೇಳುತ್ತಿದ್ದ ರಾಯಚೂರಿನ ಕಾಲೇಜಿನಲ್ಲಿ ಅಂಥ ಬಾಗಿಲೊಳಗೆ ಇದ್ದದ್ದು ಕಂಪ್ಯೂಟರು. ಮೇಷ್ಟರೆಲ್ಲ ಬಿಸಿಲಿಗೆ ಬೇಯುತ್ತಿದ್ದರೆ ಅದೊಂದಕ್ಕೆ ಮಾತ್ರ ತಂಪು ಗಾಳಿ; ಕೆಳಗೆ ಜಮಖಾನ, ಮೈಮೇಲೆ ಹೊದಿಕೆ, ಹಿಂದಿನ ಗೋಡೆಗೆ ‘ಮುಟ್ಟಬೇಡಿ’ ಎಂಬ ಫಲಕ. ಕಲಿಸಲೆಂದೇ ತಂದ ಯಂತ್ರಕ್ಕೆ ಇಷ್ಟೊಂದು ಮಡಿ ಯಾಕೋ ಎಂದು ನನಗೆ ನಗು ಬರುತ್ತಿತ್ತು.

ಆ ಮಡಿಯೂ ಎಲ್ಲರಿಗೆ ಒಂದೇ ಆಗಿರಲಿಲ್ಲ. ಮನೆಯಲ್ಲೇ ಟಿ.ವಿ., ಟೈಪ್‌ರೈಟರು ಕಂಡಿದ್ದ ಪೇಟೆಯ ಹುಡುಗರು ಫಲಕಕ್ಕೆ ಸೊಪ್ಪು ಹಾಕದೆ ಕೀಲಿ ಕುಟ್ಟುತ್ತಿದ್ದರು. ಮಾನ್ವಿ, ದೇವದುರ್ಗದ ಕಡೆಯ ಹಳ್ಳಿಯವರು ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಅವರಲ್ಲೊಬ್ಬಳು ಜಾಲಹಳ್ಳಿಯ ದುರ್ಗಮ್ಮ, ತನ್ನ ಕೇರಿಯಿಂದ ಕಾಲೇಜು ಮೆಟ್ಟಿಲೇರಿದ ಮೊದಲ ಹುಡುಗಿ, ಹಾಗೆ ನಿಂತೇ ವರ್ಷ ಕಳೆದಿದ್ದಳು. ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬಂತು. ಒಮ್ಮೆಯೂ ಮುಟ್ಟದ ಯಂತ್ರದ ಮುಂದೆ ಆಕೆ ಪಾಸಾಗುವುದಾದರೂ ಹೇಗೆ?

ಪರೀಕ್ಷೆಯ ಹಿಂದಿನ ಸಂಜೆ ಮಗಳನ್ನು ನೋಡಲು ಬಂದ ಅವಳಪ್ಪ ಚಪ್ಪಲಿಯ ಸಾಲಿನೆದುರು ನಿಂತುಬಿಟ್ಟರು.

“ಇಲ್ಲೂ ಬಿಡಬೇಕೇನ್ರಿ ಸರ? ಊರಾಗ ದೊಡ್ಡೋರ ಓಣ್ಯಾಗ ಕೈಯಾಗ ಹಿಡಕೊಂಡು ನಡದೀವಿ. ಅದು ತಪ್ಪಲಿ ಅಂತನ ಈಕಿನ್ನ ಓದಸಾಕತ್ತೀನಿ.”

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ನಾನು, ಧೂಳಿಗಾಗಿ ಎಂದೆ.

“ಧೂಳಂದ್ರ ಬಿಡ್ರಿ, ಎಲ್ಲಾರ ಕಾಲಾಗೂ ಇರ್ತದ,” ಎಂದು ಕಳಚಿಟ್ಟು ಹೊಸ್ತಿಲಿಗೆ ಬಂದವರು ಫಲಕ ತೋರಿಸಿ ಒಳಗೆ ನಿಂತಿದ್ದ ಮಗಳನ್ನು ಕೇಳಿದರು, “ಏನ್ ಬರದಾರ?”

ದುರ್ಗಮ್ಮ ಮೆಲ್ಲಗೆ ಓದಿ ಹೇಳಿದಳು. ಬಾವಿಕಟ್ಟೆಯಲ್ಲಿ, ಚಹದಂಗಡಿಯಲ್ಲಿ ಆ ಮಾತನ್ನು ಅವರು ಎಷ್ಟು ಸಲ ಕೇಳಿದ್ದರೋ. ಅವರ ಮುಖ ಬಾಡಿತು. ನನಗೆ ಸಂಕಟವಾಯಿತು. ಎದ್ದು ಫಲಕ ಕಿತ್ತು ಬೀರುವಿನ ಹಿಂದೆ ತುರುಕಿ, ಕೂತಿದ್ದ ಹುಡುಗನನ್ನು ಎಬ್ಬಿಸಿ, ದುರ್ಗಮ್ಮನನ್ನು ಕೂರಿಸಿದೆ.

ಗೆಳೆಯರೇ, ಯಂತ್ರ ಊರಿಗೆ ಬಂದರೆ ವಿದ್ಯೆ ಬಂತೆಂದು ನಾವು ಬೀಗುತ್ತೇವೆ. ಆದರೆ ಅದರ ಮುಂದೆ ಹೆದರದೆ ತಪ್ಪು ಮಾಡುವ ಭಾಗ್ಯ ಯಾರ ಪಾಲಿಗಿದೆ ಎಂದು ಕೇಳುವುದಿಲ್ಲ. ಪೇಟೆಯ ಹುಡುಗರು ವರ್ಷವಿಡೀ ತಪ್ಪು ಮಾಡಿಯೇ ಕಲಿತವರು. ಇವಳಿಗೆ ಇದ್ದದ್ದು ಆ ಒಂದು ಸಂಜೆ.

ಅವಳು ಒಂದೊಂದೇ ಕೀಲಿ ಹುಡುಕಿ ಒತ್ತಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು.

“ಏನಂತದವ್ವಾ ಅದು?” ಹೊಸ್ತಿಲಿನಿಂದಲೇ ಅಪ್ಪ ಕೇಳಿದರು.

“ತಪ್ಪಾಗೇದಂತ, ಯಪ್ಪಾ.”

“ಬೈಯಾಕತ್ತೇದೇನು?”

“ಇಲ್ಲ. ಮೊದಲಿಂದ ಮತ್ತ ಮಾಡು ಅಂತದ.”

ಅವರು ಅಲ್ಲೇ ಗೋಡೆಗೊರಗಿ ಕೂತರು.

“ಹಂಗಾರ ಮಾಡವ್ವಾ. ಊರಿನ ಕಡೀ ಬಸ್ಸು ಹೋದ್ರ ಹೋಗ್ಲಿ.”