ಜಗಲಿಯ ಮೇಲಿನ ಪುಡಿ

ಅವ್ವನ ಮೊಣಕಾಲು ನೋವು ಮಾಯವಾದಾಗಿನಿಂದ ನಮ್ಮ ಭಾಲ್ಕಿಯ ಮನೆಯಲ್ಲಿ ಚಿಕ್ಕಮ್ಮನ ಮಾತಿಗೆ ಎದುರಿಲ್ಲ. ಅವ್ವನ ತಂಗಿಯಾದ ಈಕೆ ಇರುವುದು ಔರಾದದಲ್ಲಿ. ಆ ಕಡೆಯ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಪ್ರಸಾದವೆಂದು ಕೊಡುವ ಕಂದು ಪುಡಿಯನ್ನು ತಿಂಗಳು ತಿಂಗಳೂ ಬಸ್ಸು ಹತ್ತಿ ತಂದುಕೊಡುತ್ತಿದ್ದಳು. ಗೋಡೆ ಹಿಡಿದು ನಡೆಯುತ್ತಿದ್ದ ಅವ್ವ ಹೊಲಕ್ಕೆ ಹೋಗಿ ತೊಗರಿ ನೋಡಿ ಬರುವಷ್ಟು ಚುರುಕಾದಳು. ಮುಖ ದುಂಡಗಾಯಿತು. ಮೈ ತುಂಬಿಕೊಂಡಳು ಎಂದು ಓಣಿಯವರೆಲ್ಲ ಮೆಚ್ಚಿದರು, ನಾನೂ ಮೆಚ್ಚಿದೆ. ಪುಡಿಯ ವಿಷಯ ಮಾತ್ರ ಬೀದರಿನಲ್ಲಿರುವ ನನಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ನಾನು ಜಗಳ ತೆಗೆಯುತ್ತೇನೆಂದು ಅವರಿಗೆ ಗೊತ್ತು.

ಆ ಪುಡಿ ಇದ್ದದ್ದು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಒಂದು ಚಿಟಿಕೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವುದು ಅವ್ವನ ರೂಢಿ. ಹೀಗಾಗಿ ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆಂದು ಆಕೆಯನ್ನು ಬೀದರಿಗೆ ಕರೆತಂದಾಗ, "ದಿನಾ ಯಾವರೆ ಗುಳಿಗಿ ತಗೋತೀರೇನ್ರಿ?" ಎಂದು ಡಾಕ್ಟರು ಕೇಳಿದರೆ ಅವ್ವ, "ಒಂದೂ ಇಲ್ರಿ" ಎಂದಳು. ಅವಳ ಮಟ್ಟಿಗೆ ಅದು ಸುಳ್ಳೇನಲ್ಲ, ಪ್ರಸಾದವನ್ನು ಯಾರಾದರೂ ಗುಳಿಗೆ ಎನ್ನುತ್ತಾರೆಯೆ?

ಪುಡಿಯನ್ನು ಆಕೆ ಭಾಲ್ಕಿಯಲ್ಲೇ ಬಿಟ್ಟು ಬಂದಿದ್ದಳು. ಆಸ್ಪತ್ರೆ ಮೈಲಿಗೆಯ ಜಾಗ, ದೇವರ ವಸ್ತು ಅಲ್ಲಿಗೇಕೆ ಎಂದು. ಮೈಲಿಗೆ ಎಂಬುದೇ ಇಲ್ಲ ಎಂದು ಶರಣರ ಮಾತನ್ನು ದಿನವೂ ಹೇಳುವ ಮನೆ ನಮ್ಮದು! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಸ್ಕ್ಯಾನು, ತಪಾಸಣೆ ಎಂದು ನಾಲ್ಕಾರು ದಿನ ಕಳೆದವು. ಅವ್ವ ಊಟ ಬೇಡವೆಂದು ಸೋತು ಮಲಗಿದಳು. ಆಪರೇಷನ್ನಿನ ಹೆದರಿಕೆ ಎಂದುಕೊಂಡೆವು.

ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಸಂಜೆಯ ಹೊತ್ತಿಗೆ ಅವ್ವನ ಬಿ.ಪಿ. ಇಳಿಯತೊಡಗಿತು. ಸಲಾಯಿನ್ ಏರಿಸಿದರೂ ನಿಲ್ಲಲಿಲ್ಲ. ಒಳಗೆ ರಕ್ತ ಸೋರುತ್ತಿದೆಯೇ ಎಂದು ನೋಡಿದರು, ಇರಲಿಲ್ಲ. ಅವ್ವನ ಕೈ ತಣ್ಣಗಾಗಿತ್ತು, ಕರೆದರೆ ಓಗೊಡಲಿಲ್ಲ. ಆಕೆ ನಮ್ಮ ಕೈಬಿಟ್ಟು ಹೋಗುತ್ತಿದ್ದಾಳೆಂದು ನನಗೆ ಖಾತ್ರಿಯಾಯಿತು. ಅಷ್ಟು ಭಯ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಡಾಕ್ಟರು ಅವ್ವನ ದುಂಡು ಮುಖವನ್ನು, ತೋಳಿನ ಮೇಲಿನ ನೀಲಿ ಕಲೆಗಳನ್ನು ದಿಟ್ಟಿಸಿ ನೋಡಿದರು. "ಪುಡಿ, ಕಷಾಯ, ಏನರೆ ಮನಿ ಔಷಧಿ?"

"ಔಷಧಿ ಏನಿಲ್ರಿ" ಎಂದರು ಜೊತೆಗೆ ಬಂದಿದ್ದ ಅಪ್ಪ. ಆಮೇಲೆ ಹಿಂಜರಿಯುತ್ತ, "ದೇವರ ಜಗಲಿ ಮ್ಯಾಲ ಮಂಡಿನೋವಿನ ಪುಡಿ ಒಂದು ಅದರಿ" ಎಂದು ಸೇರಿಸಿದರು.

ಡಾಕ್ಟರು ಮುಂದಿನ ಮಾತಿಗೆ ಕಾಯಲಿಲ್ಲ, ಇಂಜೆಕ್ಷನ್ ತರಿಸಿದರು. ಸ್ವಲ್ಪ ಹೊತ್ತಿನಲ್ಲೇ ಬಿ.ಪಿ. ಮೇಲೇರತೊಡಗಿ, ಬೆಳಗಾಗುವಷ್ಟರಲ್ಲಿ ಅವ್ವ ಚಹಾ ಕೇಳಿದಳು. ನಾನು ಹೊರಗೆ ಹೋಗಿ ಅತ್ತೆ.

ಆಮೇಲೆ ಡಾಕ್ಟರು ಅವ್ವನಿಗೂ ನನಗೂ ಬಿಡಿಸಿ ಹೇಳಿದರು. "ಮೈಮ್ಯಾಲ ಕತ್ತರಿ ಆಡ್ತಂದ್ರ ಮೂತ್ರಪಿಂಡದ ಮ್ಯಾಲಿನ ಗ್ರಂಥಿ ತಾನೇ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಜಾಸ್ತಿ ಬಿಡ್ತದ್ರಿ. ಬಿ.ಪಿ. ಹಿಡಿಯೋದು, ಸಕ್ಕರಿ ಏರಸೋದು, ಆ ಗಾಯಾ ತಡಕೊಳ್ಳೋದು ಅದರ ಕೆಲಸಾ. ಆ ಪುಡಿಯೊಳಗ ಸ್ಟಿರಾಯ್ಡ್ ಕಲಸಿರಬೇಕು. ಈ ದುಂಡು ಮುಖಾ, ತೋಳಿನ ನೀಲಿ ಕಲಿ ಅದರ ಗುರುತೇ. ಹೊರಗಿಂದ ದಿನಾ ಅದೇ ಬಂದ್ರ ಒಳಗಿನ ಗ್ರಂಥಿ ಮಲಕೋತದ. ನೀವು ಪುಡಿ ಒಮ್ಮೆಲೇ ಬಿಟ್ರಿ, ಮ್ಯಾಲ ಆಪರೇಷನ್. ಕರದ್ರ ಏಳೋರು ಒಳಗ ಯಾರೂ ಇರಲಿಲ್ಲ. ಅದಕ್ಕೇ ಇಂಜೆಕ್ಷನ್‌ದಾಗ ಸ್ಟಿರಾಯ್ಡೇ ಕೊಡಬೇಕಾತು. ಇಂಥಾದು ಹಂತ ಹಂತವಾಗಿ ಬಿಡಬೇಕು."

ಗಾಯವಾದರೆ ನೋಯುವುದಷ್ಟೇ ಮೈಯ ಕೆಲಸ ಎಂದು ನಾನು ತಿಳಿದಿದ್ದೆ. ಯಾರಿಗೂ ಕಾಣದೆ ಅದು ಇಷ್ಟೆಲ್ಲ ಓಡಾಡುತ್ತದೆ ಎಂಬುದು ಅಂದು ತಿಳಿಯಿತು. ಆದರೆ ಆಗ ನನಗೆ ಬೆರಗಿಗಿಂತ ಸಿಟ್ಟೇ ಹೆಚ್ಚಿತ್ತು. ಅವ್ವನದು ಒಂದೇ ಹಟ. "ತಂಗಿ ಮುಂದ ಆಡಬ್ಯಾಡ. ಪ್ರೀತಿಲಿಂದ ತಂದಾಳ. ಎದಿ ಒಡಕೋತಾಳ."

ಎರಡು ದಿನದ ಮೇಲೆ ಚಿಕ್ಕಮ್ಮ ಬಂದಳು. ಚೀಲದಿಂದ ಹೊಸ ಪೊಟ್ಟಣ ತೆಗೆದು ದಿಂಬಿನ ಪಕ್ಕ ಇಟ್ಟಳು. ನಾನು ಅದನ್ನು ಕಸಿದುಕೊಂಡು ಕಸದ ಬುಟ್ಟಿಯ ಕಡೆ ಹೊರಟೆ.

"ನಿಂದ್ರು" ಎಂದಳು ಅವ್ವ.

ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ತಂಗಿಯ ಮುಖವನ್ನು. ಆ ಮುಖವೂ ದುಂಡಗಾಗಿತ್ತು. ಅವ್ವ ಕೈ ಚಾಚಿ ಆಕೆಯ ಸೆರಗು ಸರಿಸಿದಳು. ತೋಳಿನ ಮೇಲೆ ಅದೇ ನೀಲಿ ಕಲೆಗಳು.

"ನೀನೂ ತಗೋಲತ್ತೀ?"

"ನಿನಗ ಆರಾಮಾತು ಅಂತ ನಾನೂ ಸುರು ಮಾಡೀನಿ ಅಕ್ಕಾ. ವರ್ಷ ಆತು."

ಬಾಯಿ ಬಿಡಬೇಡ ಎಂದು ನನಗೆ ಆಣೆ ಹಾಕಿದ್ದ ಅವ್ವ ತಾನೇ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಮಂಚದ ಅಂಚಿನಲ್ಲಿ ಕುಸಿದು ಕುಳಿತಳು. "ನನ್ನ ಕೈಲಿಂದೇ ನಿನಗ ಕೊಟ್ಟೀನಲ್ಲ" ಎಂದು ಅತ್ತಳು. ಕಣ್ಣೊರೆಸಿಕೊಂಡು, "ಇವತ್ತಿಂದೇ ಬಿಡ್ತೇನಿ, ಅತ್ಲಾಗ ಒಗಿ ಅದನ" ಎಂದು ನನಗೆ ಹೇಳಿದಳು.

"ಬಿಡಬ್ಯಾಡ!" ಅವ್ವನೂ ನಾನೂ ಒಟ್ಟಿಗೆ ಕೂಗಿದೆವು.

ಕಸದ ಬುಟ್ಟಿಯ ತನಕ ಒಯ್ದಿದ್ದ ಪೊಟ್ಟಣವನ್ನು ನಾನೇ ತಿರುಗಿ ತಂದು ಚಿಕ್ಕಮ್ಮನ ಕೈಯಲ್ಲಿಟ್ಟೆ. "ಡಾಕ್ಟರು ನೋಡಿ ಹೇಳೋತನಕ ಒಮ್ಮೆಲೇ ಬಿಡೋ ಹಂಗಿಲ್ಲ. ನಡಿ, ಈಗೇ ಕೇಳಮು" ಎಂದೆ. ಆಕೆ ರೂಢಿಯಂತೆ ಅದನ್ನು ಕಣ್ಣಿಗೊತ್ತಿಕೊಳ್ಳಲು ಎತ್ತಿದಳು. ಅರ್ಧಕ್ಕೇ ಕೈ ನಿಂತಿತು. ಕೆಳಗಿಡಲೂ ಆಗದೆ, ಮೇಲೆತ್ತಲೂ ಆಗದೆ, ಹಾಗೆಯೇ ಹಿಡಿದುಕೊಂಡು ನನ್ನ ಹಿಂದೆ ನಡೆದಳು.